ಎಡಗೈ ಗಂಟು

ಮನಾಮದ ಸೂಕ್‌ನಲ್ಲಿ, ಗಡಿಯಾರ ರಿಪೇರಿಯವನ ಪಕ್ಕ,
ಒಂದೂವರೆ ಮೇಜಿನಷ್ಟು ಜಾಗ ನನ್ನದು.
ಬೋರ್ಡಿನಲ್ಲಿ ಅರಬಿ, ಇಂಗ್ಲಿಷು; ಕೆಳಮೂಲೆಯಲ್ಲಿ
ನನ್ನ ಖುಷಿಗೆ ಕನ್ನಡ:
ದತ್ತಾರಾಮ ರಾಯ್ಕರ, ಮುತ್ತು ಪೋಣಿಸುವವ.
ಓದುವವರು ಯಾರೂ ಇಲ್ಲ.

ಆಗಸ್ಟಿನ ಮಧ್ಯಾಹ್ನ, ಡಾಂಬರು ಚಪ್ಪಲಿಗೆ ಅಂಟುವ ಹೊತ್ತು,
ಬಂದಳು ಆಕೆ, ಅರವತ್ತು ದಾಟಿದ ಬಿಳಿಯ ಹೆಂಗಸು.
ಕೈಯಲ್ಲಿ ಬಿಸ್ಕತ್ತಿನ ಡಬ್ಬಿ,
ಡಬ್ಬಿಯೊಳಗೆ ಕಾಲ್ಚೀಲ, ಕಾಲ್ಚೀಲದೊಳಗೆ ಹಾರ.
"ಮುತ್ತಜ್ಜಿಯ ಮದುವೆಯದು. ಮುತ್ತು ಈ ಕಡಲಿನದೇ ಅಂತೆ.
ಒಮ್ಮೆ ತವರು ನೋಡಲಿ ಅಂತ ತಂದೆ."

ಕೆಂಪು ಬಟ್ಟೆ ಹಾಸಿದೆ. ಆಕೆ ಹೇಳುತ್ತ ಹೋದಳು.
ಲವೀನಿಯಾ ಅಂತ ಹುಡುಗಿ, ಅಮೆರಿಕದ ಇಲಿನಾಯಿಯವಳು.
ಅಪ್ಪ ಮುಳ್ಳುತಂತಿ ಮಾರಿ ರೊಕ್ಕ ಗುಡ್ಡೆ ಹಾಕಿದವ,
ಬಯಲಿಗೆ ಬಯಲೇ ಬೇಲಿ ಹೊಲಿದವ.
ಅವನಿಗೊಂದೇ ಆಸೆ: ಮಗಳನ್ನು ಜನ 'ಲೇಡಿ' ಅನ್ನಬೇಕು.
ಅತ್ತ ಇಂಗ್ಲೆಂಡಿನಲ್ಲಿ ಒಬ್ಬ ಅರ್ಲ್,
ತೊಂಬತ್ತು ಕೋಣೆಯ ಮನೆ, ಮೂವತ್ತರಲ್ಲಿ ಸೋರಿಕೆ.
ಹೆಸರು ಕ್ಷೀರಸಾಗರ ಭಟ್ಟ, ಅಂದುಕೊಂಡೆ ಮನಸ್ಸಲ್ಲೇ.
ಮಾತುಕತೆ ವಕೀಲರಲ್ಲೇ ಮುಗಿಯಿತು:
ರೈಲ್ವೆ ಷೇರು ಇಷ್ಟು, ನಗದು ಇಷ್ಟು, ಹುಡುಗಿ ಒಂದು.

ನನಗೆ ಅಕ್ಕ ಶೇವಂತಿಯ ನೆನಪು.
ಹದಿನಾಲ್ಕು ತೊಲ ಕೊಟ್ಟು ನಾವೂ ಒಂದು ಮನೆತನ ಕೊಂಡಿದ್ದೆವು.
ಯಾವುದೋ ಸಂಸ್ಥಾನಕ್ಕೆ ಅವರ ಹಿರಿಯ ಕಿರೀಟ ತಟ್ಟಿದ್ದನಂತೆ;
ಆ ಸುತ್ತಿಗೆ ಇನ್ನೂ ಗೋಡೆಯ ಮೇಲಿದೆ.
ಇದನ್ನು ಆಕೆಗೆ ಹೇಳಲಿಲ್ಲ.

ಹಲ್ಲಿಗೆ ಉಜ್ಜಿ ನೋಡುವುದೇ ನಮ್ಮ ಪರೀಕ್ಷೆ.
ಅಸಲಿಯಾದರೆ ನುಣ್ಣನೆ ಮರಳಿನ ಹಾಗೆ ತರತರ,
ಗಾಜಾದರೆ ಜಾರುತ್ತದೆ, ಮಾತು ತಪ್ಪಿಸುವವರ ಹಾಗೆ.
ಮೊದಲನೆಯದು ಮರಳು. ಎರಡನೆಯದು ಜಾರಿತು.
ಮೂರು, ನಾಲ್ಕು, ಐದೂ.
ಅರವತ್ತೊಂದರಲ್ಲಿ ಇಪ್ಪತ್ತೆರಡಷ್ಟೇ ಕಡಲಿನವು.

ಆಕೆ ಬೆಚ್ಚಲಿಲ್ಲ. ನಾನು ಗಂಟು ನೋಡಿದೆ.
ಕಸುಬಿನವನ ಗಂಟು ಎಳ್ಳಿನಷ್ಟು, ಬಿಗಿ, ಬಲಕ್ಕೆ.
ಗಾಜಿನ ಪಕ್ಕದವು ಹಾಗಲ್ಲ.
ಬಟ್ಟೆ ಹೊಲಿಯುವ ದಾರ, ಒರಟು, ಎಲ್ಲವೂ ಎಡಕ್ಕೆ ಹೊರಳಿದವು.
ಕೈ ಒಂದೇ, ವರ್ಷಗಳು ಬೇರೆ; ದಾರದ ಬಣ್ಣ ಹೇಳುತ್ತದೆ.
ಬಾಗಿಲು ಹಾಕಿಕೊಂಡು, ದೀಪ ತಗ್ಗಿಸಿ,
ಒಂದೊಂದೇ ಕಳಚಿ ಮಾರಿದ್ದಾಳೆ.

"ಸೂರಿಗೆ," ಅಂದಳು ಆಕೆ. "ಮನೆಯ ಲೆಕ್ಕದಲ್ಲಿ ಹಂಚಿನ ಖರ್ಚಿದೆ,
ಹಣ ಎಲ್ಲಿಯದೆಂದು ಬರೆದಿಲ್ಲ."
ಸ್ವಲ್ಪ ಹೊತ್ತು ಬಿಟ್ಟು,
"ಇಲ್ಲಾ ಹಡಗಿನ ಟಿಕೆಟ್ಟಿಗೋ. ಮೂರು ಸಲ ಹೊರಟಿದ್ದಳಂತೆ.
ಲಿವರ್‌ಪೂಲಿನ ತನಕ."

ಕಾಲಿಗೆ ಕಲ್ಲು, ಮೂಗಿಗೆ ಕೊಂಬಿನ ಚಿಮಟ,
ತಲೆಯ ಮೇಲೆ ಅಪ್ಪನಿಂದ ಬಂದ ನಾಖುದನ ಸಾಲ:
ಇವನ್ನು ಎತ್ತಿ ತಂದವನ ಹೆಸರು ಯಾವ ಲೆಕ್ಕದಲ್ಲೂ ಇಲ್ಲ.
ಅವನೂ ಮುಳುಗಿದ್ದು ಇನ್ನಾರದೋ ಸೂರಿಗೇ.

"ಗಾಜು ತೆಗೆಯಲೇ? ಚಿಕ್ಕದಾದರೂ ಅಸಲಿ ಹಾರವಾಗುತ್ತದೆ."
"ಬೇಡ. ಇದ್ದ ಹಾಗೇ ಇರಲಿ. ಗಾಜೂ ಅವಳದೇ."
ಎಂಟು ದಿನಾರ್ ಅಂದೆ. ಆರು ಅಂದಳು.
ಚೌಕಾಸಿ ಅರ್ಲನ ಕಡೆಯದೋ, ತಂತಿಯವನ ಕಡೆಯದೋ.
ಏಳಕ್ಕೆ ಒಪ್ಪಿದೆ.

ರಾತ್ರಿ ಪೋಣಿಸಲು ಕೂತವನು
ಆ ಮೂವತ್ತೊಂಬತ್ತು ಗಂಟುಗಳನ್ನು ಎಡಕ್ಕೇ ಹೊರಳಿಸಿದೆ.
ಬೆರಳು ಮಾತು ಕೇಳಲಿಲ್ಲ, ಎರಡು ಸಲ ಬಿಚ್ಚಬೇಕಾಯಿತು.
ದಾರ ಮಾತ್ರ ರೇಷ್ಮೆಯದು.

ಆಮೇಲೆ ಶೇವಂತಿಗೆ ಫೋನು.
ಮಳೆ, ಮೀನು, ಮೊಣಕಾಲು ಎಲ್ಲ ಆದ ಮೇಲೆ ಕೇಳಿದೆ,
ಅಕ್ಕಾ, ಆ ಹದಿನಾಲ್ಕು ತೊಲದಲ್ಲಿ ಈಗ ಎಷ್ಟಿದೆ?
ನಕ್ಕಳು. "ಬಳೆ ಸದ್ದು ಕೇಳುತ್ತಿಲ್ಲವೇನೋ?"
ಕೇಳುತ್ತಿತ್ತು.
ಗಾಜಿನದು.