ಹಳ್ಳಕ್ಕೆ ಎರಡು ಹೆಸರು

ಮೊಳಕಾಲ್ಮೂರು ದಾಟಿ, ಆಂಧ್ರದ ಗಡಿಗೆ ಮೂರು ಹೊಲ ಈಚೆ
ತುಗ್ಗಲಿ ಮರದಡಿ ಜಮಖಾನ ಹಾಸಿ ನನ್ನನ್ನು ಕರೆಸಿದ್ದಾರೆ.
‘ವಿಶ್ವಸಂಸ್ಥೆಯಲ್ಲಿ ಇದ್ದು ಬಂದೋನು, ದೇಶ ದೇಶದ ಜಗಳ ಬಿಡಿಸಿದೋನು,
ನಮ್ಮ ಕಾವಲಿಂದು ಯಾವ ಲೆಕ್ಕ!’
ನಾನು ಬಿಡಿಸಿದ್ದೇನೂ ಇಲ್ಲ. ನೀಲಿ ಟೋಪಿ ಹಾಕಿಕೊಂಡು
ಜೀಪು ಓಡಿಸಿದ್ದೆ. ಹೇಳಿದರೆ ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ.

ಆ ದೇಶದಲ್ಲೂ ಒಂದು ಮರವಿತ್ತು. ನೆರಳು ಹೀಗೇ ತೂತು ತೂತು.
ನಾರ್ವೆಯ ಮೇಡಮ್ಮು ಮಡಿಸುವ ಮೇಜಿನ ಮೇಲೆ
ನಕಾಶೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು
‘ನಾನು ಯಾರ ಕಡೆಯವಳೂ ಅಲ್ಲ’ ಎಂದಳು.
ಮುದುಕ ಡೆಂಗ್ ಗಾಬರಿಯಾದ:
‘ಯಾರ ಕಡೆಯವಳೂ ಅಲ್ಲವೇ? ಪಾಪ.
ಹಾಗಾದರೆ ನೀನು ಸತ್ತರೆ ಅಳುವವರು?’
ಆಮೇಲೆ ನನ್ನತ್ತ ತಿರುಗಿ, ನಿನ್ನ ಎತ್ತಿನ ಬಣ್ಣ ಯಾವುದು ಎಂದ.
ನನಗೆಲ್ಲಿಯ ಎತ್ತು; ಹಟ್ಟಿಯ ದೇವರೆತ್ತು ನೆನಪಾಯಿತು,
ಅಜ್ಜ ಕಿಲಾರಿಯಾಗಿ ಬರಿಗಾಲಲ್ಲಿ ಕಾದದ್ದು.
ಕರಿ, ಹಣೆಯಲ್ಲಿ ಚುಕ್ಕೆ, ಅಂದೆ.
ಮುದುಕ ಸರಿದು ಕೂತು ಜಾಗ ಕೊಟ್ಟ.

ಮೂರು ದಿನ ಮಾತು ನಡೆಯಿತು. ನಾಲ್ಕನೆಯ ದಿನ ಹೊಳೆ ಬಂತು.
ದನ ಕಾಯುವ ಎರಡೂ ಕುಲ ಅದರ ನೀರೇ ಕುಡಿದವರು,
ಕರೆಯುವುದು ಮಾತ್ರ ಬೇರೆ ಬೇರೆ.
ನಕಾಶೆಯಲ್ಲಿ ಒಂದೇ ಹೆಸರಿಗೆ ಜಾಗ.
ತಮ್ಮ ಹೆಸರು ಕಾಣದವರು ಎದ್ದರು,
ಧೂಳು ಕೊಡವಿಕೊಂಡ ಸದ್ದು.
ಮೇಡಮ್ಮು ಕಲ್ಲುಗಳನ್ನು ಒಂದೊಂದಾಗಿ ತೆಗೆದಳು.

ಇಲ್ಲಿ ಮೊದಲು ಕೇಳಿದ್ದು, ‘ನಿಂದು ಯಾವ ಬೆಡಗು?’
ಹೇಳಿದೆ. ಅರ್ಧ ಜಮಖಾನ ಖಾಲಿಯಾಯಿತು.
ಅಲ್ಲಿ ಅವಳಿಗೆ ಯಾರೂ ಇಲ್ಲವೆಂದು,
ಇಲ್ಲಿ ನನಗೆ ಇದ್ದಾರೆಂದು.

ಸರ್ವೆಯ ಹುಡುಗ ಪೆನ್ನಿನ ಮುಚ್ಚಳ ಕಚ್ಚುತ್ತ:
‘ಹಳ್ಳದ ಹೆಸರು ಏನಂತ ಬರೀಲಿ ಸಾರ್?’
ದೊಡ್ಡಹಳ್ಳ, ಅಂದರು ಕೂತವರು.
ಪೆದ್ದವಂಕ, ಅಂದರು ಎದ್ದುಹೋಗುತ್ತಿದ್ದವರು, ತಿರುಗಿ ನಿಂತು.
ಎರಡೂ ಒಂದೇ ಮಾತು ಕಣ್ರೋ, ಎನ್ನಲು ಬಾಯಿ ತೆರೆದೆ,
ಮುಚ್ಚಿಕೊಂಡೆ. ಒಂದೇ ಆಗಿದ್ದರೆ
ಪೆದ್ದವಂಕ ಎಳೆದುಕೊಂಡ ಮಗನಿಗಾಗಿ ಸೂರಮ್ಮ
ಕನ್ನಡದಲ್ಲೇ ಅತ್ತಿರುತ್ತಿದ್ದಳು.

ಅಷ್ಟರಲ್ಲಿ ದೇವರೆತ್ತುಗಳು ಬಂದವು,
ನಮ್ಮ ನಡುವೆಯೇ ಹಾದು ನೀರಿಗಿಳಿದವು.
ಕಿಲಾರಿ ಚಿನ್ನೋಬಯ್ಯ ಕೋಲೂರಿ ನಿಂತು:
‘ಎರಡೂ ಬರ್ಕೊಳಪ್ಪ. ಜಾಗ ಸಾಲ್ದಿದ್ರೆ ದೊಡ್ಡ ಕಾಗ್ದ ತಾ.’

‘ಕಾಲಮ್ಮು ಒಂದೇ ಬೆರಳಗಲ, ತಾತ,’ ಎಂದ ಹುಡುಗ.
ಅವನ ಪೆನ್ನು ಇಸಿದುಕೊಂಡೆ.
ಅಕ್ಷರ ಎಷ್ಟು ಸಣ್ಣದಾಗಬಹುದೆಂದು
ಅಂಗೈ ಮೇಲೆ ಬರೆದು ನೋಡುತ್ತಿದ್ದೇನೆ.