ಆಳಿಗೆ ಮೂರು ನಿಮಿಷ

ಸಮಯ ಅಳೆಯುವ ಕೆಲಸ ನನ್ನದು.
ಸಭಾಭವನದ ಗೋಡೆ ಗಡಿಯಾರ ನಿಂತು ಎರಡು ಚಳಿಗಾಲ;
ಮನೆಯಿಂದಲೇ ತಂದಿದ್ದೇನೆ, ಮೊಟ್ಟೆ ಬೇಯಿಸುವಾಗ ತಿರುಗಿಸುವ
ಹಳದಿ ಪ್ಲಾಸ್ಟಿಕ್ ಕೋಳಿ.
ಕತ್ತು ತಿರುಚಿದರೆ ಟಿಕ್ಕೆನ್ನುತ್ತದೆ,
ಮೂರು ನಿಮಿಷಕ್ಕೆ ಕಿರುಚುತ್ತದೆ.
ತೋಳದ ಪಂಚಾಯ್ತಿಗೆ ಕೋಳಿಯೇ ಸಾಕ್ಷಿ
ಎಂದು ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ಹಳ್ಳಕ್ಕೆ ಬಿದ್ದ ತೋಳಕ್ಕೆ ಆಳಿಗೊಂದು ಕಲ್ಲಂತೆ.
ಇಲ್ಲಿ ಹಳ್ಳವೂ ಇಲ್ಲ, ತೋಳವೂ ಇಲ್ಲ,
ಒಂದು ಮೈಕು,
ನಲವತ್ತು ಜೊತೆ ಬೂಟು ಝಾಡಿಸಿದ ಫೆಬ್ರವರಿಯ ಕೆಸರು.

ವನ್ಯಜೀವಿ ಇಲಾಖೆಯ ಹುಡುಗಿ ನಕ್ಷೆ ಹರಡಿ ಹೇಳಿದ್ದಿಷ್ಟು:
ರಾಜ್ಯದ ಈ ಈಶಾನ್ಯ ಮೂಲೆಯಲ್ಲಿ ತೋಳ ಹೆಚ್ಚು,
ನೈಋತ್ಯದಲ್ಲಿ ಇಲ್ಲವೇ ಇಲ್ಲ.
ಇಲ್ಲಿ ಹಿಡಿದು ಅಲ್ಲಿ ಬಿಡುವುದೋ, ಬೇಡವೋ?
ಕ್ಯಾಸ್ಕೇಡ್ ಪರ್ವತಸಾಲು ದಾಟಲು
ಅವಳ ಬೆರಳಿಗೆ ಒಂದು ಕ್ಷಣ ಸಾಕಾಯಿತು.

ಮೊದಲು ಡ್ವೇನ್ ಹೋಕನ್‌ಸನ್.
"ಎಲ್ಲವನ್ನೂ ಒಯ್ಯಿರಿ. ನಾಲ್ಕು ವರ್ಷದಿಂದ
ನನ್ನ ಫ್ರೀಜರಿನಲ್ಲಿ ಎಲ್ಕ್ ಮಾಂಸವಿಲ್ಲ, ಬರೀ ಬಟಾಣಿ.
ತೋಳ ಬೇಕು ಬೇಕು ಅನ್ನುವ ಪಟ್ಟಣಗಳಿವೆಯಲ್ಲ,
ಅವರ ಕಾಫಿ ಅಂಗಡಿ ಮುಂದೆ ಊಳಿಡಲಿ."
ಚಪ್ಪಾಳೆ. ಕೋಳಿ.

ಲೋರ್ನಾ ಪೆಟ್ರಿಕ್, ಅವನ ಬೇಟೆಯ ಜೊತೆಗಾತಿ,
ಒಂದೇ ಒಲೆಗೆ ಹತ್ತೊಂಬತ್ತು ನವೆಂಬರ್ ಕೈಕಾಸಿದವಳು,
ಅವನ ಕಡೆ ನೋಡದೇ ಹೇಳಿದಳು:
"ತೋಳದ ಮೇಲೆ ನನಗೇನೂ ಪ್ರೀತಿಯಿಲ್ಲ.
ಆದರೆ ಸರ್ಕಾರ ಇವತ್ತು ತೋಳ ಹೊತ್ತು ತಿರುಗಿದರೆ
ನಾಳೆ ಇಳಿಸಿದ ಕಡೆಯೆಲ್ಲ ಬೇಲಿ, ಬೀಗ, ಬೋರ್ಡು.
ಅಲ್ಲಿರುವವರೂ ಬೇಟೆಗಾರರೇ ಅಲ್ಲವಾ?
ಕಸ ಗುಡಿಸಿ ಪಕ್ಕದ ಅಂಗಳಕ್ಕೆ ಹಾಕೋದನ್ನ
ನಮ್ಮಮ್ಮ ನನಗೆ ಕಲಿಸಲಿಲ್ಲ."

ಆರು ಗಂಟೆ ಕಾರು ಓಡಿಸಿ ಆ ಕಡೆಯಿಂದಲೇ ಬಂದಿದ್ದ ಮರ್ಲ್ ಟಿಬೆಟ್ಸ್,
"ನಮ್ಮ ಎಲ್ಕುಗಳ ಗೊರಸು ಕೊಳೆಯುತ್ತಿದೆ" ಎಂದ.
ಎರಡು ಬೆರಳನ್ನು ಮೇಜಿನ ಮೇಲೆ ಕುಂಟಿಸಿ ತೋರಿಸಿದ:
ಹೀಗೆ, ಹೀಗೆ ನಡೆಯುತ್ತವೆ.
"ಇವುಗಳ ಮೇಲೆ ತೋಳ ಬಿಡ್ತೀರಾ?"
ಹಿಂದಿನ ಬೆಂಚಿನಿಂದ ಟ್ಯಾನರ್ ವೋಯ್ಟ್:
"ಕುಂಟುವುದನ್ನು ತಿನ್ನೋಕೇ ಅಲ್ವಾ ತೋಳ ಇರೋದು!"
ಕುರ್ಚಿಗಳು ಕಿರುಗುಟ್ಟಿದವು.
ಕೋಳಿ ಕೂಗಿದ್ದು ಯಾರಿಗೂ ಕೇಳಲಿಲ್ಲ.

ಪಾಸ್ಕಲ್ ಲಫ್ಲೂರ್, ನದಿಯಾಚೆಯ ಬುಡಕಟ್ಟಿನ ನೆಲದವನು:
"ನಮ್ಮ ಕಡೆಯ ತೋಳದ ಲೆಕ್ಕ ನಮಗಿದೆ.
ಒಂದೇ ಪ್ರಶ್ನೆ. ಲಾರಿಯ ಡೀಸೆಲ್ ಯಾರದು?"
ಕೂತುಬಿಟ್ಟ.
ಉಳಿದ ಎರಡೂ ಮುಕ್ಕಾಲು ನಿಮಿಷ
ಕೋಳಿ ಒಂದೇ ಮಾತಾಡಿತು.

ನನಗೆ ಅಜ್ಜ ನೆನಪಾದ.
ಈ ಬೆಟ್ಟದ ಎಲ್ಕು ಬಂದದ್ದು ರೈಲಿನಲ್ಲಿ ಎನ್ನುತ್ತಿದ್ದ;
ಇದ್ದವನ್ನೆಲ್ಲ ತಿಂದು ಮುಗಿಸಿದ ಮೇಲೆ
ದೂರದ ಸೀಮೆಯಿಂದ, ದನದ ಡಬ್ಬಿಯಲ್ಲಿ.
ಆರು ವರ್ಷದ ಹುಡುಗ
ಹಲಗೆಯ ಸಂದಿಯಲ್ಲಿ ಹುಲ್ಲು ತೂರಿದ್ದನಂತೆ,
ಬಿಸಿಯುಸಿರು ಬೆರಳಿಗೆ ತಾಗಿತ್ತಂತೆ.
ಅವೇ ಈಗ ನಮ್ಮವು.
ಹೇಳಬಹುದಿತ್ತು. ಸಮಯ ಅಳೆಯುವವರಿಗೆ
ಸಮಯವಿಲ್ಲ, ನಿಯಮ.

ಇನ್ನೊಂದನ್ನೂ ಹೇಳಲಿಲ್ಲ.
ಹೋದ ನವೆಂಬರು, ಲಾರ್ಚ್ ಮರಗಳ ದಿಣ್ಣೆ,
ಮೊಣಕಾಲುದ್ದ ಹಿಮ. ಬರಿಗೈಯಲ್ಲಿ ಹಿಂತಿರುಗುತ್ತ ನೋಡುತ್ತೇನೆ:
ಬೆಳಿಗ್ಗೆ ನಾನೇ ತುಳಿದ ಗುಳಿಗಳಲ್ಲಿ
ಒಂದನ್ನೂ ತಪ್ಪಿಸದೆ ಅದರ ಪಾದ.
ಎರಡು ಮೈಲಿ.
ಹೊಂಚು ಅನ್ನಿಸಲಿಲ್ಲ. ಹಿಮ ಆಳ,
ತುಳಿದ ದಾರಿ ಸಲೀಸು, ಅಷ್ಟೆ.
ಬಂದೂಕವನ್ನು ಹೆಗಲಿಂದ ಇಳಿಸಿದೆನೋ ಇಲ್ಲವೋ
ಈಗ ನೆನಪಿಲ್ಲ.
ಇದೆ.

ಕೈಯೆತ್ತಿಸಿ ಎಣಿಸುವಾಗ ಹೊರಗೊಂದು ಊಳು.
ನಲವತ್ತು ಕತ್ತು ಕಿಟಕಿಗೆ.
ಲೋರ್ನಾಳ ನಾಯಿ, ಪಿಕಪ್ಪಿನಲ್ಲಿ, ಚಳಿಗೆ.
ಎಣಿಕೆ ತಪ್ಪಿತು. ಮಾರ್ಚಿಯಲ್ಲಿ ಇನ್ನೊಮ್ಮೆ ಸೇರೋಣ ಎಂದರು.

ದೀಪ ಆರಿಸಿ ಹೊರಬಂದರೆ ಅಂಗಳದ ತುಂಬ ಹೊಸ ಹಿಮ.
ಮುಂದೆ ಡ್ವೇನ್. ಅವನ ಗುಳಿಯಲ್ಲಿ ಕಾಲಿಟ್ಟು ಲೋರ್ನಾ,
ಮಾತಿಲ್ಲ. ಅವಳದರಲ್ಲಿ ಮರ್ಲ್.
ಅವನ ಹಿಂದೆ ನಾನು,
ಕೋಟಿನ ಜೇಬಿನೊಳಗೆ, ಯಾರು ತಿರುಚಿದರೋ,
ಟಿಕ್ಕೆನ್ನುತ್ತಲೇ ಇರುವ ಕೋಳಿ.