ಬಿಗಿಯದ ಬಳೆ

ಕಲಬುರಗಿ. ಏಪ್ರಿಲ್. ಮಧ್ಯಾಹ್ನ ಮೂರು.
ಹೊರಗೆ ನಲವತ್ಮೂರು ಡಿಗ್ರಿ,
ಗಾಜಿನ ತೊಟ್ಟಿಯಲ್ಲಿ ಮೂವತ್ತೇಳು.
ಎರಡು ತಂತಿಗಳ ನಡುವೆ
ಇಲಿಯ ಕರುಳಿನ ರಕ್ತನಾಳದ ಚೂರು,
ಯಾವ ಬಳೆಗಾರನೂ ಅಳೆಯದಷ್ಟು ಸಣ್ಣ ಬಳೆ.

ಹದಿನೈದು ದಿನದ ಹಿಂದೆ ಅದರ ಯಕೃತ್ತಿನ ದಾರಿಗೆ
ನಾನೇ ದಾರ ಬಿಗಿದಿದ್ದೆ.

ನಾಳ ಬಿಗಿಸುವ ಮದ್ದು ಹಾಕಿದೆ, ಒಂದು ಹನಿ.
ಹತ್ತು ಪಟ್ಟು. ಮತ್ತೆ ಹತ್ತು ಪಟ್ಟು.
ಪೆನ್ನು ಕಾಗದದ ಮೇಲೆ
ಶಹಾಬಾದಿ ಪರಸಿಯಷ್ಟು ಸಪಾಟು ಗೆರೆ ಎಳೆಯಿತು.

“ಕಿವುಡ ಆಗ್ಯಾದೇನ್ರೀ ಮೇಡಂ?” ಎಂದರು ಮೈನೋದ್ದೀನ್,
ತೊಟ್ಟಿ ತೊಳೆಯುವವರು, ಬೀದರದ ನೌಬಾದಿನವರು.
ಕಿವುಡಲ್ಲ. ಒಳಗೋಡೆಯೇ ಏನೋ ಊದುತ್ತಿದೆ:
ಸಾರಜನಕ ಒಂದು, ಆಮ್ಲಜನಕ ಒಂದು,
ಕೆಲವೇ ಕ್ಷಣದ ಆಯುಸ್ಸು,
ಸಡಿಲಾಗು, ಸಡಿಲಾಗು ಎನ್ನುವಷ್ಟೇ ವಿದ್ಯೆ.

“ನಮ್ಮ ಸುರಂಗ ಬಾವ್ಯಾಗ ಹೂಳು ತುಂಬಿದ್ರ
ನೀರು ಸುಮ್ನ ಕೂಡಂಗಿಲ್ರೀ,
ಬಾಜೂಕಿನ ಗ್ವಾಡಿ ಹಸಿ ಮಾಡ್ತದ.”
ಅವರ ಷಡ್ಡಕ ದಸ್ತಗೀರ ಮೂರನೇ ವಾರ್ಡಿನಲ್ಲಿದ್ದಾರೆ,
ಹೊಟ್ಟೆ ನಗಾರಿ, ಅಂಗೈ ಕೆಂಪು, ಮಂಗಳವಾರ ರಕ್ತ ಕಾರಿದರು.
ಇದನ್ನವರು ನನಗೆ ಹೇಳಲಿಲ್ಲ; ಸಿಸ್ಟರ್ ಹೇಳಿದ್ದು.

ಆ ಅನಿಲ ಹುಟ್ಟದಂತೆ ತಡೆವ ಮದ್ದು ಹಾಕಿ
ಅರ್ಧ ತಾಸು ಕಾದೆ. ಮತ್ತೆ ಅದೇ ಮೊದಲ ಹನಿ.
ಪೆನ್ನು ಅಲುಗಿತು. ಏರಿತು.

“ಹಂಗಾರ ಇದು ದಸ್ತಗೀರಗೂ ನಡೀತದಲ್ರೀ?”

ನಡೆಯುವುದಿಲ್ಲ. ಇಡೀ ಮೈ ಅದೇ ಉಸಿರಿನ ಮೇಲಿದೆ;
ಕಲ್ಲಾದ ಯಕೃತ್ತಿಗೆ ಅದು ಸಾಲದೆಯೇ ಈ ಬಿಗಿ.
ಹೇಗೆ ಹೇಳುವುದೆಂದು ಹುಡುಕುವಷ್ಟರಲ್ಲಿ
ಅವರು ತೊಟ್ಟಿ ತೊಳೆದು ಬೋರಲು ಹಾಕಿ,
ಕರೆಂಟು ಹೋಗುವ ಹೊತ್ತಾಯಿತೆಂದು
ಫ್ರಿಜ್ಜಿನ ಬಾಗಿಲು ಒತ್ತಿ ನೋಡಿದರು.